ಇಳಿಸುವ ಗಾಳೆವ್ವ

ಗಾಳೆವ್ವನ ಕೈಯಿಂದ ಬಿಟ್ಟಿ ದುಡಿಸಿಕೊಳ್ಳಲು ನೋಡಿದರು. ಅದಕ್ಕೆ ಸೇವೆ ಎಂದು ಹೆಸರಿಟ್ಟರು. ಊರಿನವರು ಬಾಯಿ ಮುಚ್ಚಿಕೊಂಡು ಕುಳಿತರು. ಮೊದಲು ಇದನ್ನು ತಿಳಿದುಕೊಳ್ಳಿ, ಆಮೇಲೆ ಬೇಕಾದಷ್ಟು ನಗಬಹುದು. ನಗುವಂಥದ್ದು ಬಹಳ ಇದೆ.

ನಮ್ಮ ಮುತ್ತಜ್ಜಿಯರೂ ಹುಟ್ಟದ ಕಾಲ. ಹಿರೇಗುಂಡ ಎಂಬ ಊರು. ಊರಿನ ಬೆನ್ನಿಗೆ ಒಂದು ಗುಡ್ಡ. ಗುಡ್ಡ ಎಂದರೆ ಮಣ್ಣಲ್ಲ, ಬಂಡೆಯ ಮೇಲೆ ಬಂಡೆ. ಎಲ್ಲಕ್ಕಿಂತ ಮೇಲಿನದು ಹದ್ದಿನಗುಂಡು. ಅದರ ನೆತ್ತಿಯಲ್ಲಿ ನಿಂತರೆ ಹೊಳೆಯಾಚೆಯ ಊರುಗಳೂ ಕಾಣುತ್ತವೆ.

ಗಾಳೆವ್ವ ಆ ಊರಿನ ಕುರಿ ಮೇಕೆ ಕಾಯುವವರ ಮಗಳು. ಮೇಕೆ ಹತ್ತಿದಲ್ಲೆಲ್ಲ ಹತ್ತಿದಳು, ಮೇಕೆ ಇಳಿಯದ ಕಡೆಯೂ ಇಳಿದಳು. ಚಿರತೆಯೂ ಅವಳಿಗೆ ದಾರಿ ಬಿಡುತ್ತಿತ್ತು ಅಂತ ಹೇಳ್ತಾರೆ. ಚಿರತೆಯ ಮಾತು ನಾನು ನಂಬುವುದಿಲ್ಲ. ಅವಳಿಗೆ ಅದರ ಅಗತ್ಯವೂ ಇರಲಿಲ್ಲ.

ಒಮ್ಮೆ ಬೇರು ಹುಡುಕುತ್ತ ಬಂದ ಒಬ್ಬ ನಾಟಿ ವೈದ್ಯ ಹದ್ದಿನಗುಂಡು ಹತ್ತಿದ. ಹತ್ತಿದವನಿಗೆ ಇಳಿಯಲು ಆಗಲಿಲ್ಲ. ಬಂಡೆಯ ಗುಣವೇ ಅದು. ಹತ್ತುವಾಗ ಹಿಡಿಕೆಗಳು ಕಣ್ಣೆದುರು ಇರುತ್ತವೆ, ಇಳಿಯುವಾಗ ಹೊಟ್ಟೆಯ ಕೆಳಗೆ ಅಡಗಿಬಿಡುತ್ತವೆ. ಗಾಳೆವ್ವ ಮೇಲೆ ಹೋದಳು, ಅವನ ಒಂದೊಂದು ಪಾದವನ್ನೂ ಹಿಡಿದು ಒಂದೊಂದು ಕಚ್ಚಿನಲ್ಲಿಟ್ಟು ಇಳಿಸಿದಳು. ವೈದ್ಯ ಜೋಳಿಗೆಯಲ್ಲಿದ್ದ ಜೋಳವನ್ನೆಲ್ಲ ಅವಳ ಉಡಿಗೆ ಸುರಿದ. ಇದೂ ಒಂದು ದುಡಿಮೆ ಎಂದು ಅವಳಿಗೆ ಹೊಳೆದದ್ದು ಅವತ್ತು ಅಂತ ಹೇಳ್ತಾರೆ.

ಮೇಕೆಗಳನ್ನು ತಮ್ಮನಿಗೆ ಒಪ್ಪಿಸಿ ಗುಡ್ಡದ ಬುಡದ ಹುಣಸೆ ಮರದ ಕೆಳಗೆ ಕೂರತೊಡಗಿದಳು. ಬಂದವರನ್ನು ನೇರ ಮೇಲೆ ಕರೆದೊಯ್ಯುತ್ತಿರಲಿಲ್ಲ. ಅಲ್ಲೊಂದು ಗಿಡ್ಡ ಬಂಡೆ ಇತ್ತು. ಅದರ ಮೇಲೆ ಹತ್ತಿಸಿ, ಬಂಡೆಗೆ ಹೊಟ್ಟೆ ಹಚ್ಚಿ, ಹಿಂದುಹಿಂದಕ್ಕೆ ಇಳಿಯುವುದನ್ನು ಕಲಿಸುತ್ತಿದ್ದಳು. ಇಳಿಯುವುದನ್ನು ಕಲಿತವರಿಗಷ್ಟೇ ಗುಡ್ಡ. ನಾಚಿದವರು ಮನೆಗೆ.

ಜನ ಬಂದರು. ಜೇನು ಕೀಳುವವರು ಬಂದರು. ಹೊಸ ಸೊಸೆಯೊಬ್ಬಳು ತವರಿನ ಒಲೆಯ ಹೊಗೆಯನ್ನಾದರೂ ನೋಡುತ್ತೇನೆಂದು ಬಂದಳು, ನೋಡಿ ಅತ್ತು, ನಗುತ್ತ ಇಳಿದಳು. ಸುಮ್ಮನೆ ಗಾಳಿಗೆ ಮೈಯೊಡ್ಡಲು ಬಂದವರೂ ಇದ್ದರು. ಎಲ್ಲರಿಗೂ ಒಂದೇ ಕೂಲಿ, ಒಂದು ಸೇರು ಜೋಳ.

ಊರಿಗೆ ಇದು ಸೇರಲಿಲ್ಲ. ಆ ಸೀಮೆಯಲ್ಲಿ ನೀರು ಕೊಟ್ಟವರು, ದಾರಿ ತೋರಿದವರು ಏನೂ ಕೇಳುವಂತಿರಲಿಲ್ಲ. ಹಿರಿಯ ಮುದುಕಪ್ಪ ಕಟ್ಟೆಗೆ ಕರೆಸಿ ಕೇಳಿದ, ದಾರಿ ಮಾರಿಕೊಂಡು ತಿನ್ನಲು ನಾಚಿಕೆಯಾಗುವುದಿಲ್ಲವೇ ಎಂದು.

ಗಾಳೆವ್ವ ಹೇಳಿದಳು: "ದಾರಿ ಹೇಳೂದು ಪುಕ್ಕಟ, ಯಜ್ಜ. ನಿನಗೂ ಹೇಳ್ತೀನಿ, ಕೇಳ್ಕೊ. ಹೊಳ್ಳಿ ಜೀವಂತ ಕರಕೊಂಡು ಬರ್ತೀನಲ್ಲ, ಅದಕ್ಕ ಕೂಲಿ."

ಕಟ್ಟೆ ನಕ್ಕಿತು. ಮುದುಕಪ್ಪ ಎಲೆಯಡಿಕೆ ಹುಡುಕಿದ.

ಸುದ್ದಿ ದೇಸಾಯಿಗೆ ಮುಟ್ಟಿತು. ಊರು ಅವನದು, ಕುಂಬಾರನ ಮಡಕೆ ಅವನಿಗೆ ಬಿಟ್ಟಿ, ನೇಕಾರನ ಕಂಬಳಿ ಅವನಿಗೆ ಬಿಟ್ಟಿ. ತನ್ನ ಹೊಲಗಳನ್ನೆಲ್ಲ ಒಂದೇ ನೋಟಕ್ಕೆ ನೋಡಬೇಕು, ಗಾಳೆವ್ವ ಬಂದು ಹತ್ತಿಸಿ ಇಳಿಸಬೇಕು, ದಣಿಗೆ ಅದು ಸೇವೆ, ಸೇವೆಗೆ ಕೂಲಿ ಇಲ್ಲ ಎಂದು ಹೇಳಿ ಕಳಿಸಿದ. ಗಾಳೆವ್ವ ಲೆಕ್ಕ ಹಾಕಿದಳು. ಇವತ್ತು ಇವನಿಗೆ ಬಿಟ್ಟಿ ಎಂದರೆ ನಾಳೆ ಎಲ್ಲರಿಗೂ ಬಿಟ್ಟಿ, ಅವಳ ದುಡಿಮೆ ಅಲ್ಲಿಗೆ ಮುಗಿಯಿತು. ಒಲ್ಲೆ ಎಂದರೆ ಚಾಟಿ. ಊರಿನಲ್ಲಿ ಒಬ್ಬರೂ ಅವಳ ಪರ ಮಾತಾಡಲಿಲ್ಲ. ಆ ಹೇಡಿಗಳ ವಂಶದವರೇ ನಾವು, ಮರೆಯಬೇಡಿ.

ದೇಸಾಯಿ ಆಳುಗಳೊಂದಿಗೆ ಬಂದ, ನೋಡಲು ಊರೂ ನೆರೆಯಿತು. ಗಾಳೆವ್ವ ಕೈಮುಗಿದು ದಾರಿ ಹೇಳಿದಳು, ಎಡಕ್ಕೆ ಹೊರಳಿ, ಸೀಳಿನಲ್ಲಿ ಕಾಲಿಟ್ಟು, ಹೀಗೆ ಹೀಗೆ ಎಂದು. ಗಿಡ್ಡ ಬಂಡೆಯ ಮೇಲೆ ಮೊದಲು ಇಳಿಯುವುದನ್ನು ಕಲಿಯಿರಿ ಎಂದೂ ಹೇಳಿದಳು. ಊರಿನೆದುರು ಬಂಡೆ ತಬ್ಬಿಕೊಳ್ಳಲು ನಾನೇನು ಹಲ್ಲಿಯೇ ಎಂದು ದೇಸಾಯಿ ರೇಗಿದ. ಆಗಲಿ ಎಂದು ಅವಳು ಹುಣಸೆಯ ನೆರಳಲ್ಲಿ ಕುಳಿತು ರೊಟ್ಟಿ ಬಿಚ್ಚಿದಳು.

ಆಳುಗಳು ಅರ್ಧಕ್ಕೇ ನಿಂತರು. ದೇಸಾಯಿ ಹಟದಿಂದ ನೆತ್ತಿ ಮುಟ್ಟಿದ. ಹೊಲ ನೋಡಿದ. ಆಮೇಲೆ ಕೆಳಗೆ ನೋಡಿದ, ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಮೂರು ಹಗಲು ಕುಳಿತಿದ್ದ ಅಂತ ಹೇಳ್ತಾರೆ. ಅಷ್ಟೆಲ್ಲ ಇರಲಾರದು, ಉಂಡು ಬೆಳೆದ ಮೈ, ಮಧ್ಯಾಹ್ನಕ್ಕೇ ಹಸಿದಿರಬೇಕು.

ಮೇಲಿನಿಂದ ಕೂಗಿದ, ಬಂದು ಇಳಿಸದಿದ್ದರೆ ಚಾಟಿಯಲ್ಲಿ ಹೊಡೆಯುತ್ತೇನೆಂದು.

"ಹೊಡಿಯಾಕಾದ್ರೂ ಕೆಳಗ ಬರಬೇಕಲ್ರಿ ದಣಿ" ಎಂದಳು ಗಾಳೆವ್ವ.

ಊರು ಮೊದಲು ಕೆಮ್ಮಿತು, ಆಮೇಲೆ ತಡೆಯಲಾಗದೆ ನಕ್ಕಿತು. ದೇಸಾಯಿ ಹೊಲ ಕೊಡುತ್ತೇನೆಂದ, ಬಂಗಾರದ ಸರ ಕೊಡುತ್ತೇನೆಂದ. ಅವಳಿಗೆ ಇನಾಮು ಬೇಡವಾಗಿತ್ತು. ಹೊಸ ಸೊಸೆ ಕೊಟ್ಟಷ್ಟೇ ಸಾಕು, ಆದರೆ ಅದನ್ನು ಕೂಲಿ ಎಂದು ಬಾಯಿಬಿಟ್ಟು ಹೇಳಬೇಕು ಎಂದಳು. ದೇಸಾಯಿ ಏನೋ ಗೊಣಗಿದ. ಗಾಳಿ ಜೋರಿದೆ, ಕೇಳಿಸಲಿಲ್ಲ ಎಂದಳು. ಕಡೆಗೆ ಗುಡ್ಡವೆಲ್ಲ ಮಾರ್ದನಿಸುವಂತೆ ಕೂಗಿದ: "ಕೂಲಿ ಕೊಡ್ತೀನಿ!"

ಆ ಮಾತು ಕುಂಬಾರನಿಗೂ ಕೇಳಿಸಿತು, ನೇಕಾರನಿಗೂ ಕೇಳಿಸಿತು.

ಗಾಳೆವ್ವ ಮೇಲೆ ಹೋಗಿ ಅವನ ಪಾದಗಳನ್ನು ಹಿಡಿದು ಜೋಪಾನವಾಗಿ ಇಳಿಸಿದಳು. ಕೆಲಸದಲ್ಲಿ ಕೊಂಕು ಮಾಡಲಿಲ್ಲ. ದೇಸಾಯಿಗೆ ಬೆನ್ನು ತಿರುಗಿಸಿ ಯಾರೂ ನಡೆಯಬಾರದೆಂಬ ಕಟ್ಟಳೆ ಇದ್ದ ಊರದು. ಅವತ್ತು ದೇಸಾಯಿಯೇ ಊರಿಗೆಲ್ಲ ಬೆನ್ನು ತೋರಿಸುತ್ತ ಇಳಿದ. ಬೆನ್ನು ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ. ಜೋಳ ತರಿಸಿ ಅವನ ಕೈಯಿಂದಲೇ ಅಳೆಸಿಕೊಂಡಳು. ಮರುದಿನ ಕುಂಬಾರ ಮಡಕೆ ಹೊತ್ತು ದೇಸಾಯಿಯ ಬಾಗಿಲಿಗೆ ಹೋದ, ಆದರೆ ತಲೆಯಿಂದ ಇಳಿಸಲಿಲ್ಲ. ಮೊದಲು ಕಾಳು ಬರಲಿ ಎಂದು ನಿಂತ. ನೇಕಾರ ಅವನ ಹಿಂದೆಯೇ ನಿಂತಿದ್ದ ಅಂತ ಹೇಳ್ತಾರೆ. ಇದನ್ನು ನಾನು ನಂಬುತ್ತೇನೆ.

ಈಗಲೂ ಹಿರೇಗುಂಡದಲ್ಲಿ ಹದ್ದಿನಗುಂಡು ಹತ್ತಿದವರು ಇಳಿದ ಕೂಡಲೇ ನೀರು ಕುಡಿಯುವುದಿಲ್ಲ. ಇಳಿಸಿದವರ ಉಡಿಗೆ ಮೊದಲು ಜೋಳ ಸುರಿಯುತ್ತಾರೆ, "ಇದು ಕೂಲಿ" ಎಂದು ಗಟ್ಟಿಯಾಗಿ ಹೇಳುತ್ತಾರೆ. ಮೆಲ್ಲಗೆ ಹೇಳಿದರೆ ಸುತ್ತ ನಿಂತವರು ಕೇಳಿಸಲಿಲ್ಲ ಎಂದು ಕಾಡುತ್ತಾರೆ.

ನೀವೂ ಗುಡ್ಡ ಹತ್ತುತ್ತೀರಿ, ಹೊಳೆ ದಾಟುತ್ತೀರಿ, ಕಾಡು ಸುತ್ತುತ್ತೀರಿ. ನಿಮ್ಮ ಕಾಲು ಹಿಡಿದು ಇಳಿಸಿದವರಿಗೆ ಪುಣ್ಯ ಬರಲಿ ಎಂದು ಹರಸಿ ಜಾರಿಕೊಳ್ಳಬೇಡಿ. ಚೌಕಾಸಿ ಮಾಡಬೇಡಿ. ಅವರ ಹೆಸರು ಕೇಳಿ, ಕೂಲಿ ಕೊಡಿ, ಎಲ್ಲರಿಗೂ ಕೇಳಿಸುವಂತೆ ಕೊಡಿ.