ಹೊಳೆಗೆ ಬಿಡುವ ಮೊದಲು

"ಗುರುಗಳೇ, ನನ್ನ ಹೊಸ ಕ್ಯಾಮೆರಾ ಒಂದೇ ಚಿತ್ರವನ್ನು ಎರಡು ಕಾರ್ಡಿಗೆ ಬರೆಯುತ್ತದೆ. ಅಲ್ಲಿಂದ ಅದು ಎರಡು ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಇನ್ನಾದರೂ ನಾನು ನಿಶ್ಚಿಂತನಾಗಿರಬಹುದೇ?"

ಹೀಗೆ ಕೇಳಿದವನು ದೇವಿಂದ್ರ. ಗುರುಗಳ ಬಳಿ ಚಿತ್ರ ತೆಗೆಯುವುದನ್ನು ಕಲಿಯುತ್ತಿದ್ದ. ಬೆಳಕು ಅವನಿಗೆ ಒಲಿದಿತ್ತು. ಒಳ್ಳೆಯ ಸಾಮಾನು ಕೊಂಡ ಸಂತೋಷ ಮುಖದಲ್ಲಿತ್ತು.

ಗುರುಗಳು ಲೆನ್ಸ್ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿ ಇಟ್ಟರು. "ಒಂದು ಕತೆ ಕೇಳು" ಎಂದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕಿ ಇದ್ದಳು. ಮದುವೆ, ಸೀಮಂತಗಳ ಚಿತ್ರ ತೆಗೆದು ಹೊಟ್ಟೆ ಹೊರೆಯುತ್ತಿದ್ದಳು. ಬಿಡುವಿನ ದಿನ ಹಳೆಯ ಬಾಗಿಲು, ಹಳೆಯ ಶಾಸನ, ಹಳೆಯ ಒಡವೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಅಳಿದು ಹೋಗುವುದನ್ನು ಹಿಡಿದಿಡಬೇಕು ಎಂಬುದೊಂದೇ ಅವಳ ಹಟ.

ಅದೇ ಊರಿನಲ್ಲಿ ತೊಗಲುಗೊಂಬೆ ಆಡಿಸುವ ಒಂದು ಮೇಳವಿತ್ತು. ಅದರ ಯಜಮಾನ ಮುದುಕ. ಅವನ ಮಗಳು ಮತ್ತು ಅಳಿಯ ಅವನ ಜೊತೆ ಆಡಿಸುತ್ತಿದ್ದರು. ಗೊಂಬೆಗಳೆಲ್ಲ ಒಂದು ದೊಡ್ಡ ಪೆಟ್ಟಿಗೆಯಲ್ಲಿದ್ದವು. ಮುತ್ತಜ್ಜನ ಕಾಲದವೂ ಅದರಲ್ಲಿದ್ದವು.

ಆ ಮೇಳಕ್ಕೆ ಒಂದು ಪದ್ಧತಿಯಿತ್ತು. ಗೊಂಬೆ ಹರಿದರೆ ಅದನ್ನು ಮಾರುವಂತಿಲ್ಲ, ಎಸೆಯುವಂತಿಲ್ಲ. ಹೊಳೆಗೆ ಬಿಡಬೇಕು. ಆದರೆ ಅದಕ್ಕೆ ಮೊದಲು ಹೊಸ ತೊಗಲನ್ನು ಹಳೆಯದರ ಮೇಲಿಟ್ಟು ಗೀಟು ಎಳೆದುಕೊಳ್ಳಬೇಕು. ಕತ್ತರಿಸಬೇಕು, ತೂತು ಕೊರೆಯಬೇಕು, ಬಣ್ಣ ಹಾಕಬೇಕು. ಆ ಹೊಸ ಗೊಂಬೆ ಪರದೆಯ ಮೇಲೆ ಒಂದು ಪೂರ್ತಿ ಆಟ ಆಡಬೇಕು. ಆಡುವಾಗ ಹಳೆಯದು ಪಕ್ಕದಲ್ಲೇ ಇರಬೇಕು. ಹೊಸದರ ಕೈ ಸರಿಯಾಗಿ ಮಡಚದಿದ್ದರೆ, ಕಣ್ಣಿನಿಂದ ಬೆಳಕು ಸರಿಯಾಗಿ ಬಾರದಿದ್ದರೆ, ಹಳೆಯದು ಮತ್ತೆ ಪೆಟ್ಟಿಗೆ ಸೇರುತ್ತಿತ್ತು. ಹೊಸದು ಆಡಿ ಗೆದ್ದ ಮೇಲೆಯೇ ಹಳೆಯದಕ್ಕೆ ಹೊಳೆ.

ಮುದುಕನ ಕೈ ನಡುಗತೊಡಗಿ ವರ್ಷಗಳಾಗಿದ್ದವು. ಹೊಸ ಗೊಂಬೆ ಮಾಡುವುದು ನಿಂತಿತ್ತು. ಹಳೆಯವು ಹಪ್ಪಳದಂತಾಗಿದ್ದವು. ಮೇಲೆ ತೊಗಲಿಟ್ಟು ಒತ್ತಿದರೆ ಮುರಿಯುವ ಹಾಗಿದ್ದವು. ಮಗಳಿಗೆ ಉಳಿ ಹಿಡಿಯಲು ಬರುತ್ತಿತ್ತು, ಆದರೆ ಗೀಟು ಎಳೆಯುವುದು ಹೇಗೆ? ಈ ಗೊಂಬೆಗಳು ಹೋದರೆ ಮೇಳವೂ ಹೋದ ಹಾಗೆ.

ಛಾಯಾಗ್ರಾಹಕಿ ಮುಂದೆ ಬಂದಳು. "ಗೊಂಬೆಯನ್ನು ಮುಟ್ಟದೆಯೇ ಗೀಟು ಎಳೆದು ಕೊಡುತ್ತೇನೆ" ಎಂದಳು. ಒಂದೊಂದರ ಚಿತ್ರ ತೆಗೆದು, ಗೊಂಬೆಯಷ್ಟೇ ಅಳತೆಯ ಪ್ರಿಂಟು ಹಾಕಿಸಿ ಕೊಡುವುದು. ಮಗಳು ಅದರ ಮೇಲೆ ಹೊಸ ತೊಗಲಿಟ್ಟು ಕೊರೆಯುವುದು. ಮುದುಕ ಒಪ್ಪಿದ.

ಅವಳು ಕೆಲಸ ಬಲ್ಲವಳು. ಫ್ಲ್ಯಾಶನ್ನು ಹೊರಗೇ ತೆಗೆಯಲಿಲ್ಲ, ತೊಗಲು ಮಿಂಚುತ್ತದೆಂದು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದಳು. ಅಂಚು ಬಾಗಿಸುವ ಲೆನ್ಸನ್ನು ಚೀಲದಲ್ಲೇ ಬಿಟ್ಟು, ಇದ್ದದ್ದನ್ನು ಇದ್ದಂತೆ ತೋರಿಸುವ ಸಾದಾ ಲೆನ್ಸ್ ಹಾಕಿದಳು. ಪ್ರತಿ ಗೊಂಬೆಯ ಪಕ್ಕದಲ್ಲಿ ಅಳತೆಯ ಪಟ್ಟಿ ಇಟ್ಟಳು. ಮುಂದಿನ ಬೆಳಕಿನಲ್ಲಿ ಒಂದು, ಬಿಳಿ ಬಟ್ಟೆಯ ಹಿಂದೆ ದೀಪವಿಟ್ಟು ಇನ್ನೊಂದು. ಹತ್ತು ತಲೆಯ ರಾವಣ ಆಳೆತ್ತರ ಇದ್ದ. ಅವನೊಬ್ಬನಿಗೇ ಒಂದು ಮಧ್ಯಾಹ್ನ ಹಿಡಿಯಿತು.

ಸ್ಟುಡಿಯೊಗೆ ಬಂದು ಕಾರ್ಡಿನಲ್ಲಿದ್ದದ್ದನ್ನು ಒಂದು ಡಿಸ್ಕಿಗೆ ಹಾಕಿದಳು. ಆ ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡಿದಳು. ಮರುದಿನ ಮದುವೆಯಿತ್ತು. ಕಾರ್ಡು ಖಾಲಿ ಮಾಡಿಕೊಂಡು ಹೊರಟಳು. ಅವಳ ಕಸುಬಿನವರೆಲ್ಲ ಮಾಡುವುದೇ ಹಾಗೆ.

ವಾರ ಕಳೆದು ಪ್ರಿಂಟಿಗೆ ಕೂತಾಗ ರಾವಣನ ಚಿತ್ರ ತೆರೆದಳು. ಮೊದಲ ಮೂರು ತಲೆ ಕಂಡವು. ಉಳಿದದ್ದು ಬರೀ ಬೂದಿ ಬಣ್ಣ. ಎರಡನೆಯ ಡಿಸ್ಕ್ ತೆರೆದಳು. ಅಲ್ಲಿಯೂ ಮೂರೇ ತಲೆ. ಉಳಿದ ಗೊಂಬೆಗಳೆಲ್ಲ ಸರಿಯಿದ್ದವು. ಕಾರ್ಡಿನಿಂದ ಬರುವಾಗ ಸಡಿಲವಾದ ಕೇಬಲ್ ಎಲ್ಲೋ ಕೈಕೊಟ್ಟಿತ್ತು. ಮೊದಲನೆಯದರ ಕೇಡನ್ನೇ ಎರಡನೆಯದು ನಿಷ್ಠೆಯಿಂದ ನಕಲು ಮಾಡಿಕೊಂಡಿತ್ತು. ಕಾರ್ಡಿನಲ್ಲಿ ಈಗ ಯಾರದೋ ಮದುವೆಯ ಊಟದ ಸಾಲು.

ಅವಳು ಮುಚ್ಚಿಡಲಿಲ್ಲ. ಮೇಳದ ಮನೆಗೆ ಹೋಗಿ ನಡೆದದ್ದನ್ನು ಹೇಳಿದಳು.

ಮುದುಕ ಎಲೆಅಡಿಕೆ ಜಗಿಯುತ್ತ ಕೇಳಿದ. ಆಮೇಲೆ ನಕ್ಕ. "ಹೊಸಾದು ಆಡೂಕಿಂತ ಮೊದ್ಲ ಹಳೇದನ್ನ ಹೊಳೀಗೆ ಬಿಟ್ಟಿ ನೋಡವ್ವ."

"ತಪ್ಪಾತು ಯಜಮಾನ್ರ."

"ಇರ್ಲಿ ತಗೋ. ರಾವಣ ಇನ್ನೂ ಪೆಟ್ಟಿಗ್ಯಾಗ ಅದಾನ. ಅವನ್ನ ಇನ್ನೊಮ್ಮಿ ನಿಂದ್ರಿಸೂನು. ಹತ್ತು ಮಾರಿ ಅದಾವು, ಫೋಟೋ ತಗಸ್ಕೊಳ್ಳಾಕ ಬ್ಯಾಸರ ಇಲ್ಲ ಅವಗ."

ಅವಳು ರಾವಣನನ್ನು ಮತ್ತೆ ನಿಲ್ಲಿಸಿದಳು. ಕೇಬಲ್ ಬದಲಿಸಿದಳು. ಈ ಸಲ ಎರಡೂ ಡಿಸ್ಕಿಗೆ ಕಾರ್ಡಿನಿಂದಲೇ ನೇರವಾಗಿ ಹಾಕಿದಳು. ಒಂದೊಂದು ಚಿತ್ರವನ್ನೂ ತೆರೆದು, ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿದಳು. ಅದಾದ ಮೇಲೆಯೇ ಕಾರ್ಡು ಖಾಲಿ ಮಾಡಿದಳು. ಅಂದಿನಿಂದ ಅದೇ ಅವಳ ಪದ್ಧತಿಯಾಯಿತು.

ಮಗಳು ಕೊರೆಯತೊಡಗಿದಳು. ಮೊದಲು ಕೋಡಂಗಿ, ಆಮೇಲೆ ಜಿಂಕೆ, ಹೀಗೆ ಸಣ್ಣವು ಮೊದಲು. ಕೊರೆದವೂ ಪ್ರಿಂಟುಗಳೂ ಹಳೆಯವೂ ಎಲ್ಲ ಅದೇ ಪೆಟ್ಟಿಗೆ ಸೇರುತ್ತಿದ್ದವು. ಛಾಯಾಗ್ರಾಹಕಿಗೆ ಅದು ಸರಿ ಕಾಣಲಿಲ್ಲ. "ಅರ್ಧವನ್ನಾದರೂ ಬೇರೆ ಕಡೆ ಇಡಿ" ಎಂದಳು.

ಮುದುಕ ಒಪ್ಪಲಿಲ್ಲ. "ಅವು ಒಂದ ಮನೀ ಮಂದಿ ಅವ್ವಾ. ಬ್ಯಾರೆ ಮನಿ ಮಾಡಿಕೊಟ್ರ ಜಗಳ ಆಡತಾವು."

ಅವಳು ತನ್ನ ಕೈಯಲ್ಲಿದ್ದದ್ದನ್ನು ಮಾಡಿದಳು. ಮೂರನೆಯದೊಂದು ಡಿಸ್ಕ್ ತುಂಬಿ ಅಕ್ಕನ ಮನೆಗೆ ಒಯ್ದಳು. ಅಕ್ಕನ ಊರು ಗುಡ್ಡದ ಮೇಲಿತ್ತು. ಹಬ್ಬಕ್ಕೆ, ಹುಣ್ಣಿಮೆಗೆ ಅಲ್ಲಿಗೆ ಹೋದಾಗಲೆಲ್ಲ ಕೈಕಾಲು ತೊಳೆದವಳೇ ಡಿಸ್ಕನ್ನು ಅಕ್ಕನ ಲ್ಯಾಪ್‌ಟಾಪಿಗೆ ಹಚ್ಚಿ ಚಿತ್ರಗಳನ್ನು ತೆರೆದು ನೋಡುತ್ತಿದ್ದಳು.

ಅಕ್ಕ ಹೋಳಿಗೆ ಬೇಯಿಸುತ್ತ ಒಳಗಿನಿಂದಲೇ ಚುಚ್ಚಿದಳು. "ಬಂದಾಗೊಮ್ಮೆ ಅದರ ಮಾರಿ ನೋಡ್ತಿ. ಒಡಹುಟ್ಟಿದಾಕಿ ನಾ, ನನ್ನ ಮಾರಿ ಇಷ್ಟು ನೋಡೂದಿಲ್ಲ ನೀ."

"ನೀ ಕೆಟ್ರ ಕೂಗಿ ಹೇಳ್ತಿ ಅಕ್ಕಾ. ಇದು ಹೇಳೂದಿಲ್ಲ."

ಒಂದು ಹಬ್ಬದಲ್ಲಿ ಆ ಡಿಸ್ಕ್ ಹಲ್ಲಿ ಲೊಚಗುಟ್ಟಿದಂತೆ ಸದ್ದು ಮಾಡಿತು. ಚಿತ್ರ ತೆರೆಯಲಿಲ್ಲ. ಮನೆಯ ಮೂಲೆಯಲ್ಲಿ ಸುಮ್ಮನೆ ಕೂತಲ್ಲೇ ಅದು ಸತ್ತಿತ್ತು. ಅವಳು ಹೋಳಿಗೆಯ ರುಚಿಯನ್ನೂ ನೋಡದೆ ಬಸ್ಸು ಹತ್ತಿದಳು. ಹೊಸ ಡಿಸ್ಕ್ ಕೊಂಡು, ಸ್ಟುಡಿಯೊದ ಪ್ರತಿಯಿಂದ ತುಂಬಿ, ಎಲ್ಲವನ್ನೂ ತೆರೆದು ನೋಡಿ, ಮತ್ತೆ ಗುಡ್ಡ ಹತ್ತಿ ಇಟ್ಟು ಬಂದಳು. ಅಕ್ಕ ತಲೆ ಚಚ್ಚಿಕೊಂಡಳು.

ಆ ಮಳೆಗಾಲ ಹೊಳೆ ಉಕ್ಕಿತು. ಎತ್ತರದ ಶಾಲೆಗೆ ಹೋಗಿ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರುತ್ತ ಹೋದರು. ಛಾಯಾಗ್ರಾಹಕಿ ಕ್ಯಾಮೆರಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ಕೈ ತಾನಾಗಿಯೇ ಹೋದದ್ದು ಕ್ಯಾಮೆರಾದ ಕಡೆಗೆ. ಕ್ಯಾಮೆರಾ ನಾಳೆ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಸಿಗದ್ದು ಎರಡು ಡಿಸ್ಕಿನಲ್ಲಿ, ಒಂದೇ ಕಪಾಟಿನಲ್ಲಿ, ಹಿಂದೆ ಉಳಿಯಿತು. ಇದು ಅವಳಿಗೆ ನೆನಪಾಗುವ ಹೊತ್ತಿಗೆ ಸ್ಟುಡಿಯೊದ ಬಾಗಿಲು ಮುಳುಗಿತ್ತು.

ಮೇಳದ ಮನೆಯಲ್ಲಿ ಪೆಟ್ಟಿಗೆ ಎತ್ತಲು ಇಬ್ಬರು ಬೇಕಿತ್ತು. ಮುದುಕನನ್ನು ಎತ್ತಲೂ ಇಬ್ಬರು ಬೇಕಿತ್ತು. ಮಗಳು ಮತ್ತು ಅಳಿಯ ಮುದುಕನನ್ನು ಎತ್ತಿದರು.

ಗೊಂಬೆಗಳನ್ನು ಹೊಳೆ ತಾನೇ ಬಂದು ಒಯ್ದಿತು. ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಶಾಲೆಯ ಜಗಲಿಯಲ್ಲಿ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ. ಅನ್ನ ತಂದಿಟ್ಟರೂ ಏಳಲಿಲ್ಲ. ಮಗಳು ಛಾಯಾಗ್ರಾಹಕಿಯ ಪಕ್ಕಕ್ಕೆ ಬಂದು ಕೂತಳು. ದನಿ ಇಳಿಸಿ ಕೇಳಿದಳು.

"ಅಕ್ಕಾರ, ಗೊಂಬಿ ಫೋಟೋ ನಿಮ್ಮ ಕಡೆ ಅದಾವಲ್ಲ?"

"ಅದಾವು" ಎಂದಳು ಅವಳು. ದಾರಿಯೆಲ್ಲ ಮುಚ್ಚಿತ್ತು. ಫೋನು ಸತ್ತಿತ್ತು. ಆದರೂ ಆ ಮಾತು ಹೇಳುವಾಗ ಅವಳ ದನಿ ನಡುಗಲಿಲ್ಲ. ಕಳೆದ ಹುಣ್ಣಿಮೆಗೆ ಅವಳು ರಾವಣನ ಹತ್ತೂ ತಲೆಗಳನ್ನು ಅಕ್ಕನ ಮನೆಯಲ್ಲಿ ತೆರೆದು ನೋಡಿ ಬಂದಿದ್ದಳು.

ನೀರು ಇಳಿಯಿತು. ಮೊದಲ ಬಸ್ಸಿಗೇ ಗುಡ್ಡ ಹತ್ತಿದಳು. ಡಿಸ್ಕ್ ಹಚ್ಚಿದಳು. ಕೋಡಂಗಿ ಬಂದ. ಜಿಂಕೆ ಬಂತು. ರಾವಣ ಬಂದ, ಹತ್ತೂ ತಲೆ ಎತ್ತಿಕೊಂಡು. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಈ ಸಲ ಅಕ್ಕನೂ ಪಕ್ಕದಲ್ಲಿ ಕೂತು ಕೊನೆಯವರೆಗೆ ನೋಡಿದಳು. ಇರುವ ಒಂದೇ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಬಾರದೆಂದು ಛಾಯಾಗ್ರಾಹಕಿ ಅಲ್ಲೇ ಹೊಸದೊಂದು ಡಿಸ್ಕ್ ಕೊಂಡು ಅದಕ್ಕೂ ಹಾಕಿದಳು. ಅದನ್ನೂ ತೆರೆದು ನೋಡಿದಳು. ಮೊದಲನೆಯದನ್ನು ಅಲ್ಲಿಯೇ ಬಿಟ್ಟು ಕೆಳಗಿಳಿದಳು.

ಅಳತೆಯ ಪ್ರಿಂಟುಗಳು ಬಂದವು. ಊರವರು ತೊಗಲು ತಂದುಕೊಟ್ಟರು. ಮಗಳು ಬಾಗಿ ಕೂತವಳು ಸುಗ್ಗಿಯವರೆಗೆ ಬೆನ್ನು ನೆಟ್ಟಗೆ ಮಾಡಲಿಲ್ಲ. ಬಿಳಿ ಬಟ್ಟೆಯ ಹಿಂದೆ ದೀಪವಿಟ್ಟು ತೆಗೆದ ಚಿತ್ರದಲ್ಲಿ ಒಂದೊಂದು ತೂತೂ ನಕ್ಷತ್ರದ ಹಾಗೆ ಹೊಳೆಯುತ್ತಿತ್ತು. ಉಳಿ ಎಲ್ಲಿ ಬೀಳಬೇಕೆಂದು ಅದೇ ಹೇಳುತ್ತಿತ್ತು. ಮುದುಕ ಗೋಡೆಯಿಂದ ಈಚೆ ತಿರುಗಿದ. ಆಮೇಲೆ ಎದ್ದು ಕೂತ. ಆಮೇಲೆ ಬಣ್ಣ ಹೀಗಲ್ಲ ಹಾಗೆ ಎಂದು ಬೈಯತೊಡಗಿದ. ಬೈಗುಳ ಕೇಳಿ ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಆಟದ ದಿನ ಬಂತು. ಆಗ ಮೇಳದವರಿಗೆ ಒಂದು ತೊಡಕು ಎದುರಾಯಿತು. ಹೊಸ ಗೊಂಬೆ ಆಡುವಾಗ ಹಳೆಯದು ಪಕ್ಕದಲ್ಲಿರಬೇಕು. ಹಳೆಯದೇ ಇಲ್ಲ. ಸರಿಯೋ ತಪ್ಪೋ ಹೇಳುವವರು ಯಾರು?

"ನಾ ನೋಡ್ತೀನಿ" ಎಂದ ಮುದುಕ.

ಜೀವಮಾನವೆಲ್ಲ ಅವನು ಪರದೆಯ ಹಿಂದೆ ಕೂತವನು. ತನ್ನ ಆಟವನ್ನು ಮುಂದಿನಿಂದ ಕಂಡವನೇ ಅಲ್ಲ. ಅಂದು ಜನರ ನಡುವೆ, ಚಾಪೆಯ ಮೇಲೆ, ಎಲ್ಲರಿಗಿಂತ ಮುಂದೆ ಕೂತ. ಊರಿಗೆ ಊರೇ ಬಂದಿತ್ತು. ಹೊಳೆಯಾಚೆಯವರೂ ಬಂದಿದ್ದರು. ಕತ್ತಲಾಯಿತು. ಪರದೆಯ ಹಿಂದೆ ದೀಪ ಹತ್ತಿತು. ಮದ್ದಳೆ ನುಡಿಯಿತು.

ಕೋಡಂಗಿ ಕುಣಿದು ಜನರನ್ನು ನಗಿಸಿ ಹೋದ. ಜಿಂಕೆ ಹಾರಿತು. ಮುದುಕ ಅಲುಗಲಿಲ್ಲ. ಕೊನೆಗೆ ಪರದೆಯ ಕೆಳಗಿನಿಂದ ರಾವಣ ಎದ್ದ. ಕೆಂಪು, ಹಸಿರು, ಕಪ್ಪು. ಹತ್ತು ಮುಖಗಳ ಇಪ್ಪತ್ತು ಕಣ್ಣಿನಲ್ಲಿ ಬೆಳಕು ತೂರಿ ಬಂತು. ಮಗಳು ಅವನ ತೋಳು ಎತ್ತಿಸಿದಳು. ತೋಳು ಮಡಚಿತು, ಗದೆ ಏರಿತು. ತಂದೆಯ ಹಾಡನ್ನು ತಂದೆಗಿಂತ ಒಂದು ಸ್ವರ ಮೇಲೆ ಎತ್ತಿದಳು. ಜನ ಕೂತಲ್ಲಿಂದ ಎದ್ದು ನಿಂತರು. ಸಿಳ್ಳೆ, ಚಪ್ಪಾಳೆ. ಹೊಳೆಯ ಸದ್ದು ಅಂದು ಯಾರಿಗೂ ಕೇಳಲಿಲ್ಲ.

ಮುದುಕ ಪಕ್ಕದಲ್ಲಿ ಕೂತವನ ಹೆಗಲು ಹಿಡಿದು ಎದ್ದ. ಪರದೆಯ ಹತ್ತಿರ ಹೋಗಿ ಮೂಗು ತಾಗುವಷ್ಟು ಸಮೀಪದಿಂದ ನೋಡಿದ. ಮೊದಲ ತಲೆಯಿಂದ ಹತ್ತನೆಯ ತಲೆಯವರೆಗೆ, ಒಂದನ್ನೂ ಬಿಡದೆ ನೋಡಿದ. ಆಮೇಲೆ ಹೊಳೆಯ ಕಡೆಗೆ ತಿರುಗಿ ಕೈ ಮುಗಿದ.

"ಈಗ ಬಿಟ್ಟೇವಿ, ಒಯ್ಯವ್ವ" ಎಂದ.

ಛಾಯಾಗ್ರಾಹಕಿ ಅಂದು ಮನಸಾರೆ ಚಿತ್ರ ತೆಗೆದಳು.

ಗುರುಗಳು ಕತೆ ನಿಲ್ಲಿಸಿದರು. ದೇವಿಂದ್ರನ ಮುಖ ಅರಳಿತ್ತು.

"ಅರ್ಥವಾಯಿತು ಗುರುಗಳೇ. ನಾಳೆಯೇ ಮೂರನೆಯ ಡಿಸ್ಕ್ ಕೊಂಡು ನಮ್ಮ ಸೋದರಮಾವನ ಊರಿನಲ್ಲಿ ಇಡುತ್ತೇನೆ. ಆ ಊರೂ ಎತ್ತರದಲ್ಲಿದೆ."

ಗುರುಗಳು ಅವನನ್ನು ನೋಡಿ ಕೇಳಿದರು: "ಅದು ಇರಲಿ, ಈಗಾಗಲೇ ಇಟ್ಟಿರುವುದರಲ್ಲಿ ನೀನು ಆಡಿಸಿ ನೋಡಿದ್ದು ಯಾವುದು?"

ದೇವಿಂದ್ರ ಚೀಲದಿಂದ ಒಂದು ಡಿಸ್ಕ್ ತೆಗೆದು ಲ್ಯಾಪ್‌ಟಾಪಿಗೆ ಹಚ್ಚಿ ಮೊದಲ ಚಿತ್ರ ತೆರೆದ.