ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಿದವನು

ಹೊಳೆಯ ದಂಡೆಯಲ್ಲಿ ಅಡವಯ್ಯಜ್ಜನ ಆಶ್ರಮವಿತ್ತು. ಹಂಚಿನ ಪಡಸಾಲೆ, ದೊಡ್ಡ ಅಡುಗೆಮನೆ, ದಿನವೂ ಊಟಕ್ಕೆ ಬರುವ ಜನ.

ಒಂದು ಕಾಲಕ್ಕೆ ಅಲ್ಲಿ ಬೇವಿನ ಮರದ ಕೆಳಗೊಂದು ಜೋಪಡಿ ಬಿಟ್ಟರೆ ಏನೂ ಇರಲಿಲ್ಲ. ಆ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವನು ಕಲ್ಮೇಶ. ಅಜ್ಜನ ಮೊದಲ ಶಿಷ್ಯ.

ಮನೆ ಬಿಟ್ಟು ಹೊರಟ ದಿನ ಅವನ ಅವ್ವ ಅಳಲಿಲ್ಲ, ಬೈಯಲಿಲ್ಲ. ಸಣ್ಣ ಗಡಿಗೆಯಲ್ಲಿ ಮೊಸರಿನ ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕೈಗೆ ಕೊಟ್ಟಿದ್ದಳು.

"ದೇವರು ಸಿಗೂತನಕಾ ಮೊಸರನ್ನಾ ಆದ್ರೂ ಉಣ್ಣು" ಎಂದಿದ್ದಳು.

ಅವ್ವ ತೀರಿಹೋಗಿ ಬಹಳ ವರ್ಷವಾಗಿತ್ತು. ಹೆಪ್ಪು ಮಾತ್ರ ನಡೆದೇ ಇತ್ತು. ಇವತ್ತಿನ ಮೊಸರಿನಿಂದ ನಾಳೆಯದು, ನಾಳೆಯದರಿಂದ ನಾಡಿದ್ದಿನದು.

ಜೋಪಡಿಯ ದಿನಗಳಲ್ಲಿ ಗುರು-ಶಿಷ್ಯರಿಬ್ಬರೇ ನಸುಕಿನಲ್ಲಿ ಹೊಳೆಯ ಹಾಸುಗಲ್ಲಿನ ಮೇಲೆ ಕೂರುತ್ತಿದ್ದರು. ಒಂದು ನಸುಕಿನಲ್ಲಿ ಕಲ್ಮೇಶನಿಗೆ ತಾನು ಯಾರು, ಹೊಳೆ ಯಾವುದು ಎಂಬುದೇ ಮರೆತುಹೋಯಿತು. ಬಿಸಿಲು ಬೆನ್ನು ಸುಟ್ಟಾಗ ಎಚ್ಚರವಾಯಿತು. ಕೆನ್ನೆ ಒದ್ದೆಯಾಗಿತ್ತು.

ಅಜ್ಜ ಮೊಸರನ್ನ ಕಲಸಿ ಮುಂದಿಟ್ಟರು. ಅಂಥ ರುಚಿ ಆಮೇಲೆ ಯಾವ ಊಟದಲ್ಲೂ ಸಿಗಲಿಲ್ಲ. ಅಂಥ ನಸುಕೂ ಮತ್ತೆ ಬರಲಿಲ್ಲ.

ಅಲ್ಲಿಂದೀಚೆಗೆ ಕಲ್ಮೇಶ ಅದೇ ಕಲ್ಲು, ಅದೇ ಜಾಗ, ಅದೇ ಮಗ್ಗುಲು ಹುಡುಕಿ ಕೂರುತ್ತಿದ್ದ. ಕಣ್ಣು ಮುಚ್ಚಿ ಆ ಬೆಳಗನ್ನೇ ಕಾಯುತ್ತಿದ್ದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಬೀಳುತ್ತಿತ್ತು. ಯಾರದೋ ಕೂಸು ಅಳುತ್ತಿತ್ತು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಅವನು ಬಟ್ಟೆಯ ಗಂಟು ಹಿಡಿದು ಅಜ್ಜನ ಮುಂದೆ ನಿಂತ. ಅಜ್ಜ ಆಗಷ್ಟೇ ದೀಪ ಹಚ್ಚಿ ಕುಳಿತಿದ್ದರು.

"ಹೋಗತೀನ್ರಿ ಅಜ್ಜಾರ."

"ಎಲ್ಲಿಗಿ?"

"ಹೊಳಿ ಆಚಿ ಗುಡ್ಡಕ್ಕ. ಅಲ್ಲೊಂದು ಗವಿ ಐತಿ. ಜನಾ ಇಲ್ಲ, ಗದ್ದಲಾ ಇಲ್ಲ. ನಮ್ಮ ಜೋಪಡ್ಯಾಗ ಇದ್ದಂಗ ಇರತೀನಿ."

"ಇಲ್ಲೇನು ತ್ರಾಸ ಆತು?"

"ಎಲ್ಲಾ ಅಡ್ಡ ಬರತೈತ್ರಿ. ಇಷ್ಟು ವರ್ಷ ಕುಂತೆ, ಆ ನಸುಕು ಮತ್ತ ಬರಲಿಲ್ಲ. ಜನ್ಮಾ ಹಿಂಗ ಮುಗದು ಹೋಗತೈತೇನೋ ಅಂತ ಅಂಜಿಕಿ ಆಗೇತಿ. ಈ ದಾರ್ಯಾಗ ಯಾವುದು ಆಸರಾ, ಯಾವುದು ಅಡ್ಡಿ, ನೀವರ ಹೇಳ್ರಿ."

ಅಜ್ಜ ದೀಪದ ಬತ್ತಿ ಸರಿಮಾಡಿದರು.

"ಆ ಜೋಪಡಿ ನನಗೂ ನೆನಪಾಗತೈತೋ ತಮ್ಮಾ. ಮಳಿ ಬಂದ್ರ ಇಬ್ಬರೂ ಒಂದ ಕಂಬಳಿ ಹೊತ್ತು ಮೂಲ್ಯಾಗ ಕುಂದರತಿದ್ವಿ. ನೀ ನಿದ್ದಿಗಣ್ಣಾಗ ನನ್ನ ಕಡೀದೂ ಎಳಕೋತಿದ್ದಿ."

ಇಬ್ಬರೂ ನಕ್ಕರು. ಹೋಗಬೇಕು ಎಂಬ ಕಲ್ಮೇಶನ ಹಟ ಮಾತ್ರ ಸಡಿಲವಾಗಲಿಲ್ಲ.

"ಒಯ್ಯಾಕ ನಂದೇನೂ ಇಲ್ರಿ. ಅವ್ವನ ಹೆಪ್ಪು ಒಂದು ಗಡಿಗಿ ಕೊಡ್ರಿ, ಸಾಕು."

ಅಜ್ಜ ದೀಪದ ಕಡೆ ಬೆರಳು ತೋರಿಸಿದರು.

"ದೀಪಾ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡತಾರೇನು? ನಿಮ್ಮವ್ವ ಕೊಡತಿದ್ಲೇನು?"

ಕಲ್ಮೇಶ ತಲೆ ತಗ್ಗಿಸಿದ. ದೀಪ ಹಚ್ಚಿದ ಮೇಲೆ ಅವ್ವ ಪಕ್ಕದ ಮನೆಯವರಿಗೂ ಕೊಟ್ಟವಳಲ್ಲ. ಸಂಸಾರವನ್ನೇ ಬಿಟ್ಟು ಬಂದವನಿಗೆ ಈ ಒಂದು ಶಾಸ್ತ್ರ ಬಿಡಲು ಆಗಲಿಲ್ಲ.

"ಮುಂಜಾನೆ ಒಯ್ಯಿ" ಎಂದರು ಅಜ್ಜ. "ಹೆಂಗೂ ಇರತಿ, ಇವತ್ತಿನ ಹಾಲಿಗಿ ಹೆಪ್ಪು ನೀನ ಹಾಕು. ನಾಳೆ ಅಮಾಸಿ, ಜನಾ ಬರತಾರ."

ಅಡುಗೆಮನೆಯಲ್ಲಿ ಕಾಸಿದ ಹಾಲು ಉಗುರುಬೆಚ್ಚಗಾಗಿತ್ತು. ಪಕ್ಕದ ಗಡಿಗೆಯಲ್ಲಿ ನಿನ್ನೆಯ ಮೊಸರು.

ಕಲ್ಮೇಶ ಚಮಚ ಹಿಡಿದು ನಿಂತ. ಇಷ್ಟೇ ಇಷ್ಟು ಹಾಕಲು ಮನಸ್ಸು ಬರಲಿಲ್ಲ. ಅವ್ವ ಇದರಲ್ಲಿದ್ದಾಳೆ, ಜೋಪಡಿ ಇದರಲ್ಲಿದೆ, ಆ ನಸುಕೂ ಇದರಲ್ಲಿದೆ. ಹೆಚ್ಚು ಹಾಕಿದಷ್ಟೂ ಆಗಿನ ಮೊಸರೇ ಆದೀತು ಅನ್ನಿಸಿತು.

ಚಮಚ ಕೆಳಗಿಟ್ಟು ಗಡಿಗೆಯನ್ನೇ ಬಗ್ಗಿಸಿದ.

ಆಮೇಲೂ ಸುಮ್ಮನಿರಲಿಲ್ಲ. ಹೋಗಿ ಹೋಗಿ ಮುಚ್ಚಳ ತೆಗೆದು ನೋಡಿದ. ಹೆಪ್ಪಾಯಿತೋ ಇಲ್ಲವೋ ಎಂದು ಪಾತ್ರೆ ಅಲುಗಾಡಿಸಿದ.

ಬೆಳಿಗ್ಗೆ ಅಜ್ಜ ಮುಚ್ಚಳ ತೆಗೆದರು. ಮೇಲೆ ನೀರು, ಕೆಳಗೆ ಗಂಟುಗಂಟು. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡವರಿಗೆ ಒಂದು ಕಣ್ಣು ತಾನಾಗಿ ಮುಚ್ಚಿತು.

"ಹಾಲಿಗಿ ಹುಳಿ ಹಿಂಡಿದವರು ಯಾರಪಾ?"

"ಹುಳಿ ಹಿಂಡಿಲ್ರಿ. ಅವ್ವನ ಹೆಪ್ಪ ಹಾಕೀನಿ."

"ಎಷ್ಟು?"

"ಎಲ್ಲಾ."

ಹೇಳುತ್ತಲೇ ಅವನಿಗೆ ತಾನು ಮಾಡಿದ್ದು ತಿಳಿಯಿತು. ಅಲ್ಲೇ ಕುಸಿದು ಕೂತು ಸಣ್ಣ ಹುಡುಗನ ಹಾಗೆ ಅತ್ತ.

"ಅವ್ವನ ಹೆಪ್ಪು ಹೋತ್ರಿ ಅಜ್ಜಾರ. ಇಷ್ಟು ವರ್ಷ ಕಾದಿದ್ದು ನನ್ನ ಕೈಯಾರೆ ಕೆಡಿಸಿದೆ."

"ಚಮಚಾ ತಾ" ಎಂದರು ಅಜ್ಜ.

ಬೆಳಗಿನ ಹಾಲು ಕಾದು ಆರಿತ್ತು. ಅಜ್ಜ ಕಿರುಬೆರಳು ಅದ್ದಿ ಬಿಸಿ ನೋಡಿದರು. ಆ ಒಡೆದ ಮೊಸರಿನಿಂದಲೇ ಒಂದು ಚಮಚ ತೆಗೆದು ಹಾಲಿಗೆ ಬಿಟ್ಟರು.

"ಇಷ್ಟು ಹುಳಿಯಾದದ್ದ ಹಾಕತೀರೇನ್ರಿ?"

"ಹುಳಿ ಇಲ್ದ ಯಾವ ಹಾಲು ಮೊಸರಾಗೇತಿ?"

ಮುಚ್ಚಳ ಮುಚ್ಚಿ ಪಾತ್ರೆಯನ್ನು ಮೂಲೆಗಿಟ್ಟರು.

"ಉಳದದ್ದು ಏನ್ ಮಾಡೂದ್ರಿ?"

"ಕಡದು ಮಜ್ಜಿಗಿ ಮಾಡು. ನೀರು ಹಾಕು, ಉಪ್ಪು ಹಾಕು. ಬಿಸಲಾಗ ನಡಕೋತ ಬರಾವರಿಗಿ ಕೊಡು."

ಕಲ್ಮೇಶ ಬೇವಿನ ಮರದ ಕೆಳಗೆ ಮಜ್ಜಿಗೆಯ ಕೊಡ ಇಟ್ಟುಕೊಂಡು ನಿಂತ. ಗಂಟನ್ನು ಅಲ್ಲೇ ಎಲ್ಲೋ ಬೇರಿನ ಮೇಲೆ ಇಟ್ಟ.

ಅಮಾವಾಸ್ಯೆಯ ಜನ ಬರತೊಡಗಿತು. ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತ ಒಬ್ಬ ಮುದುಕಿ ಕುಡಿದು ಕಣ್ಣು ಕಿವುಚಿದಳು.

"ಏನು ಹುಳಿನೋ ಯಪ್ಪಾ! ಇನ್ನೊಂದೀಟು ಹಾಕು."

ಅವನು ಹಾಕಿದ. ಅವಳು ಅದನ್ನೂ ಗಟಗಟ ಕುಡಿದಳು.

"ಜೀವಾ ಬಂತು ನೋಡು. ಯಾರ ಮನೀ ಹೆಪ್ಪು ಇದು?"

"ನಮ್ಮವ್ವಂದು" ಎಂದ ಕಲ್ಮೇಶ. ಅವ್ವ ಆಗ ಅಂದ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಬೇಕೆನಿಸಿತು. "ದೇವರು ಸಿಗೂತನಕಾ ಮೊಸರನ್ನಾ ಆದ್ರೂ ಉಣ್ಣು ಅಂತ ಕೊಟ್ಟಿದ್ಲು."

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ಶಾಣ್ಯಾ ಹೆಂಗಸು! ಮತ್ತ, ಸಿಕ್ಕನೇನು?"

ಅವಳ ಹಿಂದೆ ನಿಂತವನು ಬೊಗಸೆ ಚಾಚಿದ್ದ. ಕಲ್ಮೇಶ ಅವನಿಗೆ ಮಜ್ಜಿಗೆ ಹೊಯ್ದ.

ಅವತ್ತು ಅಡುಗೆಮನೆಯಲ್ಲಿ ಪಾತ್ರೆ ಬಿದ್ದವು, ಕೂಸುಗಳು ಅತ್ತವು, ಯಾರೋ ಯಾರನ್ನೋ ಕೂಗಿದರು. ಕೊಡ ಬರಿದಾಗುವವರೆಗೆ ಅವನು ತಲೆ ಎತ್ತಲಿಲ್ಲ. ಎತ್ತಿದಾಗ ಹೊಳೆಯ ಮೇಲೆ ಬಿಸಿಲು ಕೆಂಪಾಗಿತ್ತು. ಬೆಳಿಗ್ಗೆ ಹಾಸುಗಲ್ಲಿನ ಮೇಲೆ ಕೂತಿಲ್ಲ ಎಂಬುದು ಆಗ ನೆನಪಾಯಿತು.

ಗಂಟು ಹುಡುಕಿದ. ಮುದುಕಿಯ ಮೊಮ್ಮಗಳು ಅದರ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಳೆಯಲು ಕೈ ಚಾಚಿದವನು ಹಾಗೆಯೇ ಬಿಟ್ಟ.

ಪಡಸಾಲೆಯಲ್ಲಿ ಅಜ್ಜ ಬೆಂಕಿಪೊಟ್ಟಣ ಹಿಡಿದು ಸುಮ್ಮನೆ ಕೂತಿದ್ದರು.

"ಇನ್ನೂ ದೀಪಾ ಹಚ್ಚಿಲ್ಲ ನೋಡು. ಹೆಪ್ಪು ಒಯ್ಯೂದಿದ್ರ ಈಗ ಒಯ್ಯಬಹುದು."

ಕಲ್ಮೇಶ ಹೊಳೆಯಾಚೆಯ ಗುಡ್ಡ ನೋಡಿದ. ಬೇವಿನ ಮರದ ಕೆಳಗೆ ಮಲಗಿದ ಕೂಸನ್ನು ನೋಡಿದ. ಅಜ್ಜನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು ತಾನೇ ದೀಪ ಹಚ್ಚಿದ.

ಅಜ್ಜನ ಕಣ್ಣು ತುಂಬಿತ್ತು.

ಇಬ್ಬರೂ ಅಡುಗೆಮನೆಗೆ ಹೋದರು. ಮೂಲೆಯಲ್ಲಿ ಬೆಳಗಿನ ಪಾತ್ರೆ ಇತ್ತು. ಕಲ್ಮೇಶನ ಕೈ ತಡೆಯದೆ ಮುಚ್ಚಳಕ್ಕೆ ಹೋಯಿತು.

"ಅಜ್ಜಾರ, ಆವಾಗಿನಂಗ ಆಗಿರತೈತೇನ್ರಿ?"

"ಆವಾಗಿಂದು ಅದರಾಗ ಒಂದು ಚಮಚಾ ಐತಿ. ಸಾಕು, ಕೈ ತಗಿ."