ಗುಂಗುರು ಕೂದಲಿಗೆ ಮೊಗ್ಗಿನ ಜಡೆ

“ಗುರುಗಳೇ, ದುಃಖದಲ್ಲಿರುವವಳು ಇನ್ನೊಬ್ಬರ ಸಂಭ್ರಮಕ್ಕೆ ಕೈಹಾಕಬಹುದೇ?”

ಹೀಗೆ ಕೇಳಿದವಳು ಭಾಗೀರಥಿ. ಮಠದ ವಿದ್ಯಾರ್ಥಿನಿಲಯದ ನಲವತ್ತು ಹುಡುಗಿಯರಿಗೆ ದಿನಾ ಬೆಳಿಗ್ಗೆ ತಲೆ ಬಾಚಿ ಜಡೆ ಹಾಕುವುದು ಅವಳ ಸೇವೆಯಾಗಿತ್ತು. ಕಳೆದ ಶ್ರಾವಣದಲ್ಲಿ ಅವಳ ಒಬ್ಬಳೇ ಮಗಳು ತೀರಿಕೊಂಡಳು. ಅಂದಿನಿಂದ ಅವಳು ಬಾಚಣಿಗೆ ಮುಟ್ಟಿರಲಿಲ್ಲ. ಉಗ್ರಾಣದ ಕೆಲಸ ಕೇಳಿ ಪಡೆದಿದ್ದಳು. ಮರುದಿನ ಶಾಲೆಯ ವಾರ್ಷಿಕೋತ್ಸವ. ಹುಡುಗಿಯರು ನೃತ್ಯ ಮಾಡುವವರಿದ್ದರು. ಬೆಳಿಗ್ಗೆಯಿಂದ ಮೂರು ಸಲ ಉಗ್ರಾಣದ ಬಾಗಿಲಿಗೆ ಬಂದು, “ಭಾಗಮ್ಮಾ, ನಾಳೆ ಒಂದು ದಿನ ನೀವೇ ಜಡೆ ಹಾಕಿ” ಎಂದು ಬೇಡಿ ಹೋಗಿದ್ದರು.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. “ಕೂತುಕೋ ತಾಯಿ” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಜಡೆ ಹೆಣೆಯುವವಳೊಬ್ಬಳಿದ್ದಳು. ಮದುವಣಗಿತ್ತಿಯರಿಗೆ ಮೊಗ್ಗಿನ ಜಡೆ ಹಾಕುವುದು ಅವಳ ಕಸುಬು. ಸುತ್ತಿನ ಹತ್ತು ಊರಿನಲ್ಲಿ ಅವಳಂಥ ಕೈ ಇನ್ನೊಂದಿರಲಿಲ್ಲ. ಮದುವೆ ಇಲ್ಲದ ದಿನಗಳಲ್ಲಿ ತಾಯಂದಿರು ಮಕ್ಕಳನ್ನು ಕರೆತಂದು ಅವಳ ಮುಂದೆ ಕೂರಿಸುತ್ತಿದ್ದರು. ಅವಳು ಬಾಚುತ್ತಲೇ ಬುದ್ಧಿ ಹೇಳುತ್ತಿದ್ದಳು. “ಸಿಕ್ಕನ್ನು ಬುಡದಿಂದ ಎಳೆಯಬೇಡಿ, ತುದಿಯಿಂದ ಬಿಡಿಸುತ್ತಾ ಮೇಲಕ್ಕೆ ಬನ್ನಿ. ಮಿಂದ ತಲೆಯನ್ನು ಬಟ್ಟೆಯಿಂದ ತಿಕ್ಕಬೇಡಿ, ಒತ್ತಿ ನೀರು ತೆಗೆಯಿರಿ. ಎಣ್ಣೆ ಕುಡಿಯುವುದು ಬುಡ, ನೀವು ತುದಿಗೆ ಸುರಿದರೆ ದಿಂಬಿನ ಬಟ್ಟೆ ಕುಡಿಯುತ್ತದೆ.”

ಅದೇ ಊರಿನ ವ್ಯಾಪಾರಿಯೊಬ್ಬನಿಗೆ ಮಗಳಿದ್ದಳು. ಹುಡುಗಿಯದು ಗುಂಗುರು ಕೂದಲು. ಬಾಚಿದಷ್ಟೂ ಹತ್ತಿಯಂತೆ ಕೆದರಿ ನಿಲ್ಲುತ್ತಿತ್ತು. ಓರಗೆಯ ಮಕ್ಕಳು ಅವಳನ್ನು ಕುರಿಮರಿ ಎಂದು ಕರೆಯುತ್ತಿದ್ದರು. ಏಳನೆಯ ವಯಸ್ಸಿನಲ್ಲಿ ಅವಳು ಕತ್ತರಿ ಹಿಡಿದುಕೊಂಡು ಜಡೆ ಹೆಣೆಯುವವಳ ಮನೆಗೆ ಒಬ್ಬಳೇ ಬಂದು, “ಅಕ್ಕಾ, ಪೂರ್ತಿ ಕತ್ತರಿಸಿಬಿಡು” ಎಂದಳು.

ಜಡೆ ಹೆಣೆಯುವವಳು ಕತ್ತರಿಯನ್ನು ತೆಗೆದು ಗೋಡೆಯ ಮಾಡದಲ್ಲಿಟ್ಟಳು. “ನಿನ್ನ ಕೂದಲಿಗೆ ಏನೂ ಆಗಿಲ್ಲ ಕಣೇ. ಬಾಚುವವರಿಗೆ ಆತುರ, ಅಷ್ಟೆ” ಎಂದಳು. ಗುಂಗುರು ಕೂದಲನ್ನು ಒಣಗಿದಾಗ ಬಾಚಬಾರದು. ತೇವವಿರುವಾಗ, ಅಂಗೈಗೆ ಎಣ್ಣೆ ಸವರಿಕೊಂಡು, ಬೆರಳಿನಿಂದಲೇ ಬಿಡಿಸಬೇಕು. ಅಂದಿನಿಂದ ಆ ಹುಡುಗಿಯ ತಲೆಯನ್ನು ಅವಳು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಹುಡುಗಿಗೆ ಹದಿನೆಂಟಾಗುವ ಹೊತ್ತಿಗೆ ಕೂದಲು ಸುರುಳಿಸುರುಳಿಯಾಗಿ ಸೊಂಟ ದಾಟಿತು. ಕುರಿಮರಿ ಎಂದವರೇ ಬಂದು ಯಾವ ಎಣ್ಣೆ ಎಂದು ಕೇಳಿಕೊಂಡು ಹೋದರು.

ಆಮೇಲೆ ಜಡೆ ಹೆಣೆಯುವವಳ ಗಂಡ ಸತ್ತ.

ಅವಳು ಬಾಚಣಿಗೆ, ಉದ್ದ ಸೂಜಿ, ಬಾಳೆನಾರು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕಿದಳು. ಮದುವಣಗಿತ್ತಿಯ ತಲೆಗೆ ಮೊದಲ ಮೊಗ್ಗು ಮುಡಿಸುವುದು ಮುತ್ತೈದೆಯ ಕೈ. ತನ್ನ ಕೈ ಇನ್ನು ಆ ಕೈಯಲ್ಲ ಎಂದುಕೊಂಡಳು. ಮೊದಲ ತಿಂಗಳು ಇಬ್ಬರು ಕರೆಯಲು ಬಂದರು. “ನನ್ನ ಕೈಯ ಕಾಲ ಮುಗಿಯಿತು” ಎಂದು ಹೇಳಿ ಕಳಿಸಿದಳು. ಮೂರನೆಯವರು ಬರಲಿಲ್ಲ. ಅವರಿಗೆ ನಾನು ಬೇಡ ಎಂದು ಅವಳು ತಿಳಿದಳು. ಅವಳಿಗೆ ನಾವು ಬೇಡ ಎಂದು ಊರು ತಿಳಿಯಿತು.

ಹೀಗಿರುವಾಗ ವ್ಯಾಪಾರಿಯ ಮಗಳಿಗೆ ಮದುವೆ ಗೊತ್ತಾಯಿತು.

ಆ ಊರಿನಲ್ಲಿ ಒಂದು ರೂಢಿ. ಮದುವೆಗೆ ಮೂರು ದಿನ ಇರುವಾಗ ಹೆಣ್ಣಿನ ಮನೆಯಿಂದ ಜಡೆ ಹೆಣೆಯುವವಳಿಗೆ ಒಂದು ಬಟ್ಟಲು ಎಣ್ಣೆ ಹೋಗುತ್ತದೆ. ಅವಳು ಎಣ್ಣೆ ಇಟ್ಟುಕೊಂಡು ಬರಿದಾದ ಬಟ್ಟಲನ್ನು ಹಿಂದಿರುಗಿಸಿದರೆ, ಬರುತ್ತೇನೆ ಎಂದು ಅರ್ಥ. ತುಂಬಿದ ಬಟ್ಟಲೇ ಹಿಂದಿರುಗಿದರೆ, ಬರುವುದಿಲ್ಲ ಎಂದು ಅರ್ಥ. ಹುಡುಗಿಯ ಅಜ್ಜಿ ಬಟ್ಟಲು ತುಂಬಿಸಿ, ಮೇಲೆ ಬಾಳೆಲೆ ಕಟ್ಟಿ ಕಳಿಸಿದಳು. ಜಡೆ ಹೆಣೆಯುವವಳು ಕಟ್ಟಿದ ಎಲೆಯನ್ನು ಬಿಚ್ಚಲಿಲ್ಲ. ಹಾಗೆಯೇ ಹಿಂದಿರುಗಿಸಿದಳು.

ಹಿಂದಿರುಗಿಸಿದವಳಿಗೆ ಮೂರು ದಿನ ನಿದ್ದೆ ಬರಲಿಲ್ಲ.

ಮದುವೆ ಗೋಧೂಳಿ ಲಗ್ನಕ್ಕೆ. ಮಧ್ಯಾಹ್ನದ ಊಟದ ಎಲೆ ಎತ್ತುವ ಹೊತ್ತಿಗೆ ಅವಳು ಮನೆಯಲ್ಲಿ ಕೂರಲಾರದೆ ಹೊರಟಳು. ಮುಂಬಾಗಿಲಿಗೆ ಹೋಗಲಿಲ್ಲ. ವ್ಯಾಪಾರಿಯ ಮನೆಯ ಹಿತ್ತಲಿನ ಗೋಡೆಯ ಆಚೆ, ಒಗೆಯುವ ಕಲ್ಲಿನ ಮೇಲೆ ಕುಳಿತಳು. ಗೋಡೆಯ ಈಚೆ ನಡುಮನೆಯ ಕಿಟಕಿ. ಒಳಗೆ ಹೆಂಗಸರ ಗದ್ದಲ. ಬಳೆಯ ಸದ್ದು, ನಗು, ಯಾರೋ ಕುಪ್ಪಸದ ದಾರ ಹುಡುಕುವುದು, ಯಾರೋ “ಕುಂಕುಮದ ಭರಣಿ ಎಲ್ಲಿಟ್ಟಿರೇ?” ಎಂದು ಕೂಗುವುದು. ಎಷ್ಟೋ ದಿನಗಳ ಮೇಲೆ ಅವಳು ಆ ಗದ್ದಲ ಕೇಳಿದ್ದಳು.

ಅಷ್ಟರಲ್ಲಿ ಇನ್ನೊಂದು ಸದ್ದು ಕೇಳಿಸಿತು. ಕರಕರ, ಕರಕರ.

ಅವಳು ಎದ್ದು ನಿಂತಳು. ನೋಡದೆಯೇ ಅವಳಿಗೆ ತಿಳಿಯಿತು. ತಲೆಗೆ ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ಚೆನ್ನಾಗಿ ಒಣಗಿಸಿ, ಈಗ ಬಾಚುತ್ತಿದ್ದಾರೆ. ಒಣಗಿದ ಗುಂಗುರು ಕೂದಲನ್ನು! ಅವಳು ಸೆರಗಿನ ತುದಿ ಕಚ್ಚಿ ಹಿಡಿದಳು. ಒಳಗೆ ಹುಡುಗಿ “ಅಮ್ಮಾ” ಎಂದು ನರಳಿದಳು. “ಸುಮ್ಮನಿರೇ, ಮದುವೆಯೆಂದರೆ ಸುಮ್ಮನೆಯೇ?” ಎಂದು ಸೋದರತ್ತೆಯ ದನಿ. ಟಕ್ ಎಂದು ಬಾಚಣಿಗೆಯ ಹಲ್ಲು ಮುರಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಾಚಣಿಗೆಯೂ ಟಕ್ ಎಂದಿತು.

“ಒಣಕೂದಲಿಗೆ ಬಾಚಣಿಗೆ ಹಾಕಬೇಡಿರೇ!”

ಗೋಡೆಯ ಆಚೆಯಿಂದ ಅವಳು ಕೂಗಿಬಿಟ್ಟಿದ್ದಳು. ಕೂಗಿದ ಮೇಲೆ ತನ್ನ ಬಾಯಿ ತಾನೇ ಮುಚ್ಚಿಕೊಂಡಳು. ಒಳಗೆ ಗದ್ದಲ ನಿಂತಿತು. ಆಮೇಲೆ ಕಾಲ್ಗೆಜ್ಜೆಯ ಓಟ. ಹಿತ್ತಲ ಬಾಗಿಲು ತೆರೆಯಿತು. ಅರ್ಧ ಉಟ್ಟ ಸೀರೆಯನ್ನು ಒಂದು ಕೈಯಲ್ಲಿ ಹಿಡಿದು ಮದುವಣಗಿತ್ತಿ ಹೊರಗೆ ಬಂದಳು. ಅವಳ ತಲೆ, ಹತ್ತಿ ಹೊರಚೆಲ್ಲಿ ನಿಂತ ಬೂರುಗದ ಕಾಯಿಯ ಹಾಗಿತ್ತು.

“ಅಕ್ಕಾ, ನೋಡು, ಮತ್ತೆ ಕುರಿಮರಿಯಾದೆ” ಎಂದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಒಗೆಯುವ ಕಲ್ಲಿನ ಮುಂದೆ ನೆಲದ ಮೇಲೆಯೇ ಬೆನ್ನು ಮಾಡಿ ಕುಳಿತುಬಿಟ್ಟಳು.

ಜಡೆ ಹೆಣೆಯುವವಳು ಎರಡು ಹೆಜ್ಜೆ ಹಿಂದೆ ಸರಿದಳು. “ಬೇಡ ಕೂಸೇ. ನನ್ನ ಕೈ ಆಗದು.”

ಅಜ್ಜಿ ಕೋಲು ಊರಿಕೊಂಡು ಹಿಂದೆಯೇ ಬಂದಿದ್ದಳು. “ನನ್ನ ಮನೆಯ ಎಣ್ಣೆ ನಿನಗೆ ಕಹಿಯಾಯಿತೇನೇ? ತುಂಬಿದ ಬಟ್ಟಲನ್ನು ತುಂಬಿದ ಹಾಗೆಯೇ ವಾಪಸು ಮಾಡಿದೆಯಲ್ಲ. ಮೂರು ದಿನದಿಂದ ನನಗೆ ಅನ್ನ ಇಳಿದಿಲ್ಲ.”

“ಲೋಕಾಚಾರಕ್ಕೆ ಕಳಿಸಿದಿರಿ ಅಂದುಕೊಂಡೆ ಅಮ್ಮಾ.”

“ಲೋಕಾಚಾರಕ್ಕಾದರೆ ಅಂಗಡಿಯ ಎಣ್ಣೆ ಸಾಲದಾಗಿತ್ತೇ? ಎಲೆ ಬಿಚ್ಚಿ ಮೂಸಿ ನೋಡಿದೆಯಾ? ಗುಂಗುರು ಕೂದಲಿಗೆ ಹೀಗೆ ಕಾಸಬೇಕು ಎಂದು ನೀನು ಹೇಳಿದ ಹಾಗೆ, ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ, ಮೆಂತ್ಯ ಹಾಕಿ, ಸಣ್ಣ ಉರಿಯಲ್ಲಿ ಕಾಸಿದೆ. ಈ ಕೀಲುನೋವಿನಲ್ಲಿ ಒಲೆಯ ಮುಂದೆ ಕೂತದ್ದು ಯಾರಿಗಾಗಿ? ಈ ಮನೆಯಲ್ಲಿ ಅದನ್ನು ಹದವರಿತು ಹಚ್ಚಲು ಬೇರೆ ಯಾರಿಗೆ ಬರುತ್ತದೆ?”

ಜಡೆ ಹೆಣೆಯುವವಳು ತನ್ನ ಅಂಗೈ ನೋಡಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ಮೆಲ್ಲನೆ ಎಂದಳು: “ಊರಿನಲ್ಲಿ ಮುತ್ತೈದೆಯರಿಗೇನು ಬರವೇ? ಶಾಸ್ತ್ರವೆಂಬುದು ಒಂದಿದೆ.”

ಅಜ್ಜಿ ತಿರುಗಿ ನೋಡಿದಳು. “ಇದೆ ತಾಯಿ. ನೀನು ಮುತ್ತೈದೆ, ಎರಡು ಬಾಚಣಿಗೆ ಮುರಿದೆ. ಶಾಸ್ತ್ರಕ್ಕೆ ಮೂರು ಬೇಕಿದ್ದರೆ ಹೇಳು, ಇನ್ನೊಂದು ತರಿಸುತ್ತೇನೆ.”

ಹೆಂಗಸರೆಲ್ಲ ಘೊಳ್ಳನೆ ನಕ್ಕರು. ಸೋದರತ್ತೆಗೂ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಹಲ್ಲು ಮುರಿದ ಬಾಚಣಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ವಾಲಗದ ಸದ್ದು ಕೇಳಿತು. ಗಂಡಿನ ಕಡೆಯವರು ಬಂದಿದ್ದರು. ಬಿಸಿಲು ಬಾವಿಕಟ್ಟೆಯಿಂದ ಇಳಿಯುತ್ತಿತ್ತು. ಜಡೆ ಹೆಣೆಯುವವಳು ಬಿಸಿಲನ್ನು ನೋಡಿದಳು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರಬೇಕಾದ ಮಲ್ಲಿಗೆ ಮೊಗ್ಗು ಆಕೆಗೆ ನೆನಪಾಯಿತು. ಮೊಗ್ಗು ಸಂಜೆಗೆ ಬಿರಿಯುತ್ತದೆ. ಬಿರಿಯುವ ಮೊದಲೇ ಹೊಲಿಯಬೇಕು. ಬಿರಿದ ಹೂವು ಸೂಜಿಗೆ ನಿಲ್ಲುವುದಿಲ್ಲ, ಎಸಳು ಉದುರುತ್ತದೆ. ಇನ್ನು ಮುಕ್ಕಾಲು ಗಂಟೆ. ಎರಡು ಗಂಟೆಯ ಕೆಲಸ.

“ನೀರು!” ಎಂದಳು.

ಅಷ್ಟೇ ಸಾಕಾಯಿತು. ಒಬ್ಬಳು ತಂಬಿಗೆ ತಂದಳು, ಒಬ್ಬಳು ಮೊಗ್ಗಿನ ಗಂಟು ತಂದಳು. ಒಬ್ಬಳು ಅವಳ ಮನೆಗೆ ಓಡಿ ಗೂಟದ ಚೀಲ ತಂದಳು. ಅಜ್ಜಿ ಆ ಎಣ್ಣೆಯ ಬಟ್ಟಲನ್ನೇ ತಂದಿಟ್ಟಳು. ಸೋದರತ್ತೆ ಹಿತ್ತಲಿನ ದಾಸವಾಳದ ಎಲೆ ಕಿತ್ತು ನೀರಿನಲ್ಲಿ ಹಿಸುಕಿ ಲೋಳೆ ತೆಗೆದಳು. ಜಡೆ ಹೆಣೆಯುವವಳು ಕಲ್ಲಿನ ಮೇಲೆ ಕುಳಿತಳು. ಬೆರಳನ್ನು ಕೂದಲಿಗೆ ಇಳಿಸಿದಳು.

ಅವಳು ಕೂದಲನ್ನು ನಾಲ್ಕು ಪಾಲು ಮಾಡಿದಳು. ನೀರು ಚಿಮುಕಿಸಿ, ಲೋಳೆ ಸವರಿ, ಒಂದೊಂದು ಪಾಲನ್ನೂ ಮೇಲೆ ಬಿಗಿಯಾಗಿ ಹಿಡಿದು ತುದಿಯಿಂದ ಬಿಡಿಸುತ್ತಾ ಬಂದಳು. ಬುಡಕ್ಕೆ ಜಗ್ಗಾಟ ತಿಳಿಯಲಿಲ್ಲ. ಹತ್ತಿಯಾಗಿದ್ದ ಕೂದಲು ಸುರುಳಿಗೆ ಮರಳಿತು. ಹಳೆಯ ಪಂಚೆಯಿಂದ ಒತ್ತಿ ನೀರು ತೆಗೆದು, ಅಂಗೈಯಲ್ಲಿ ಎಣ್ಣೆ ಉಜ್ಜಿ ಹಚ್ಚಿದಳು. ಬೈತಲೆ ತೆಗೆದು ಜಡೆ ಹಾಕಿದಳು. “ಇನ್ನೂ ಬಿಗಿಯಾಗಿ ಎಳೆಯೇ” ಎಂದು ಯಾರೋ ಅಂದರು. “ಹುಬ್ಬು ಮೇಲೇರುವಷ್ಟು ಎಳೆದರೆ ನಾಳೆ ಬೈತಲೆಯ ಕೂದಲು ಉದುರುತ್ತದೆ. ಜಡೆ ತಲೆಗೆ ಅಂಟಿರಲಿ, ತಲೆಯನ್ನು ಹಿಂಡದಿರಲಿ” ಎಂದಳು. ಮಾತಾಡುತ್ತಲೇ ಸೂಜಿಗೆ ನಾರು ಏರಿಸಿದಳು.

ಮೊದಲ ಮೊಗ್ಗು ಎತ್ತಿದಾಗ ಅವಳ ಕೈ ಒಂದು ಕ್ಷಣ ತಡೆಯಿತು. ಹುಡುಗಿ ತಾನೇ ತಲೆಯನ್ನು ಸ್ವಲ್ಪ ಹಿಂದಕ್ಕೆ ಒರಗಿಸಿದಳು. ಮೊಗ್ಗು ಕೂತಿತು.

ಆಮೇಲೆ ಕೈ ನಿಲ್ಲಲಿಲ್ಲ. ಸಾಲಿನ ಮೇಲೆ ಸಾಲು. ವಾಲಗ ಬೀದಿಯ ನಡುವಿಗೆ ಬಂತು. ಸಾಲಿನ ಮೇಲೆ ಸಾಲು. ವಾಲಗ ಚಪ್ಪರಕ್ಕೆ ಬಂತು. ಹೆಂಗಸರು ಸುತ್ತ ನಿಂತು ಸಾಲು ಎಣಿಸುತ್ತಿದ್ದರು, ಆಟದಲ್ಲಿ ಮಕ್ಕಳು ಎಣಿಸುವ ಹಾಗೆ. ಸೀರೆಯ ನೆರಿಗೆ ಸರಿಮಾಡುವವಳು ಅಲ್ಲೇ ಕೂತು ನೆರಿಗೆ ಹಿಡಿದಳು. ಪುರೋಹಿತರು ಒಳಗಿನಿಂದ ಎರಡು ಸಲ ಕೂಗಿದರು. “ಮೊಗ್ಗು ಬಿರಿಯುವ ಮೊದಲು ಮುಹೂರ್ತ ಬರುವುದಿಲ್ಲ, ಸುಮ್ಮನಿರಿ ಸ್ವಾಮಿ” ಎಂದು ಅಜ್ಜಿ ಕೂಗಿ ಹೇಳಿದಳು.

ಜಡೆ ಸೊಂಟದ ಹತ್ತಿರ ಬಂದಾಗ ಹುಡುಗಿಯ ಕತ್ತಿನ ಮೇಲೆ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

“ಅಕ್ಕಾ, ಇನ್ನೂ ನೀರು ಚಿಮುಕಿಸುತ್ತಿದ್ದೀಯಾ?”

“ಹೌದು ಕೂಸೇ. ಗುಂಗುರಿಗೆ ತೇವ ಬೇಕು.”

ಕೊನೆಯ ಸಾಲಿಗೆ ಗಂಟು ಹಾಕಿ, ಕುಚ್ಚು ಕಟ್ಟಿ, ನಾರನ್ನು ಹಲ್ಲಿನಿಂದ ಕಡಿದಳು. ಹುಡುಗಿ ಎದ್ದಳು. ಅಜ್ಜಿ ಜಡೆ ಹೆಣೆಯುವವಳ ರಟ್ಟೆ ಹಿಡಿದು ಮೊದಲು ಅವಳನ್ನು ಹೊಸಲು ದಾಟಿಸಿದಳು, ಆಮೇಲೆ ಮದುವಣಗಿತ್ತಿಯನ್ನು. ನಡುಮನೆ ದಾಟಿ ಚಪ್ಪರಕ್ಕೆ ಹೋಗುವಷ್ಟರಲ್ಲಿ ಜಡೆಯ ಮೇಲಿನ ಮೊಗ್ಗುಗಳು ಬಿರಿಯತೊಡಗಿದವು. ಚಪ್ಪರದಲ್ಲಿದ್ದವರೆಲ್ಲ ಮೊದಲು ಪರಿಮಳದ ಕಡೆಗೆ ತಿರುಗಿದರು, ಆಮೇಲೆ ಹುಡುಗಿಯ ಕಡೆಗೆ.

ಗುರುಗಳು ಕತೆ ನಿಲ್ಲಿಸಿದರು.

ಭಾಗೀರಥಿ ತಲೆ ತಗ್ಗಿಸಿಯೇ ಇದ್ದಳು. ಹಾಗೆಯೇ ಕೇಳಿದಳು: “ಆ ದಿನ ಅವಳ ದುಃಖ ಹೋಯಿತೇ, ಗುರುಗಳೇ?”

“ಇಲ್ಲ ತಾಯಿ” ಎಂದರು ಗುರುಗಳು, “ಅದೂ ಅವಳ ಪಕ್ಕದಲ್ಲೇ ಕುಳಿತು ಒಂದೊಂದೇ ಮೊಗ್ಗು ಎತ್ತಿ ಕೊಡುತ್ತಿತ್ತು.”